ಮೊಳೆ ಜೋಡಿಸಿದ ಕೈಗೆ ವೆಬ್ ಪುಟ ಕಷ್ಟವೇ?

(ಕೆರೆಬಿಳಚಿಯಲ್ಲಿ ರಾಜ್ಯೋತ್ಸವದ ಸಂಜೆ ಊರಿನ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದಾರೆ.)



ವೇದಿಕೆ ಹತ್ತಿ ಮಾತಾಡಿ ಅಭ್ಯಾಸವಿಲ್ಲದವನು ನಾನು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು ಇವತ್ತಿಗೂ ಅಲ್ಲೇ ಕೂತಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಉರುಸಿನ ಪೋಸ್ಟರು, ಅಡಿಕೆ ಮಂಡಿಯ ಬಿಲ್ ಬುಕ್ಕು, ಇಷ್ಟೇ ನನ್ನ ಸಾಹಿತ್ಯ ಸೇವೆ! ಇಂಥವನಿಗೆ ‘ವೆಬ್ ಪುಟ ಕಟ್ಟುವ ಭಾಷೆಗಳು’ ಎಂಬ ವಿಷಯವನ್ನು ಯಾರು ಕೊಟ್ಟರು ಎಂದು ನೀವು ಕೇಳಬಹುದು. ಯಾರೂ ಕೊಡಲಿಲ್ಲ. ನಾನೇ ಕೇಳಿ ತೆಗೆದುಕೊಂಡೆ. ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳುವುದಿತ್ತು.

2003ರಲ್ಲಿ ನಮ್ಮ ಕಡೆಯ ಒಬ್ಬ ಮೇಷ್ಟ್ರು ಒಂದು ಹಸ್ತಪ್ರತಿ ತಂದರು. ಸೂಳೆಕೆರೆ ಸುತ್ತಿನ ಹಳ್ಳಿಗಳ ಹೆಂಗಸರು ಹಾಡುವ ಸೋಬಾನೆ ಪದ, ಬೀಸುವ ಪದ. ಮನೆಮನೆ ಅಲೆದು, ಕೇಳಿ, ಕೈಯಲ್ಲಿ ಬರೆದುಕೊಂಡದ್ದು. ಆಗಷ್ಟೇ ನಾವು ಮೊಳೆಯ ಕೇಸುಗಳನ್ನು ಮೂಲೆಗೆ ಸರಿಸಿ ಡಿಟಿಪಿ ಕಂಪ್ಯೂಟರ್ ತಂದಿದ್ದೆವು. 112 ಪುಟ ಟೈಪು ಮಾಡಿದೆ. ಪ್ರೂಫು ನಾನೇ ನೋಡಿದೆ. 300 ಪ್ರತಿ ಅಚ್ಚಾಯಿತು. ಮೇಷ್ಟ್ರು ಹೇಳಿದರು: “ಹಸ್ತಪ್ರತಿ ಗೆದ್ದಲು ಹಿಡಿದರೂ ಚಿಂತೆಯಿಲ್ಲ ಕಣಪ್ಪ, ಕಂಪ್ಯೂಟರಿನಲ್ಲಿ ಇರುತ್ತಲ್ಲ.” ನಾನು ಎದೆ ತಟ್ಟಿಕೊಂಡು “ಇರುತ್ತೆ ಸಾರ್” ಅಂದೆ.

ಇರಲಿಲ್ಲ ಬಂಧುಗಳೇ! ಮೇಷ್ಟ್ರು ತೀರಿಕೊಂಡ ಮೇಲೆ, ಮೂರು ವರ್ಷದ ಹಿಂದೆ, ಅವರ ಮೊಮ್ಮಗಳು ಬಂದಳು. “ಮಾಮ, ತಾತನ ಹಾಡುಗಳನ್ನು ಇಂಟರ್‌ನೆಟ್ಟಿಗೆ ಹಾಕಬೇಕು, ಫೈಲು ಕೊಡಿ” ಅಂದಳು. ಹಳೇ ಸಿಡಿ ಹುಡುಕಿ ತೆಗೆದೆ. ಫೈಲು ತೆರೆಯಿತು. ಒಳಗೆ ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷಿನ ಅಕ್ಷರ, ಆವರಣ ಚಿಹ್ನೆ, ಡಾಲರ್ ಗುರುತು, ಎಲ್ಲ ಕಲಸಿದ ಚಿತ್ರಾನ್ನ. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಎಲ್ಲಿ ನೋಡಲಿ?

ಯಾಕೆ ಹೀಗಾಯಿತು ಎಂದು ತಿಳಿಯಲು ಹೊರಟವನು ವೆಬ್ ಪುಟದ ಭಾಷೆಗಳ ತನಕ ಬಂದು ಮುಟ್ಟಿದೆ. ಕಲಿತದ್ದನ್ನು ಪ್ರೆಸ್ಸಿನ ಮಾತಿನಲ್ಲೇ ಹೇಳುತ್ತೇನೆ. ಅದು ಬಿಟ್ಟು ನನಗೆ ಬೇರೆ ಮಾತು ಬರುವುದಿಲ್ಲ.

ಕಲ್ಲಚ್ಚು, ಮೊಳೆಯಚ್ಚು

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದನ್ನು ಅಚ್ಚು ಹಾಕಿದ್ದು ಕಲ್ಲಿನ ಮೇಲೆ. ಕಲ್ಲಚ್ಚಿನಲ್ಲಿ ಇಡೀ ಪುಟವೇ ಒಂದು ಚಿತ್ರ. ಅಲ್ಲಿಂದ ಒಂದು ‘ಕ’ವನ್ನು ಕಿತ್ತು ಇನ್ನೊಂದು ಕಡೆ ಇಡಲು ಆಗದು. ಮೊಳೆಯಚ್ಚು ಹಾಗಲ್ಲ. ಪ್ರತಿ ಅಕ್ಷರಕ್ಕೂ ಬೇರೆ ಮೊಳೆ, ಪ್ರತಿ ಮೊಳೆಗೂ ಕೇಸಿನಲ್ಲಿ ಒಂದು ಗೂಡು. ಕಂಪೋಜಿಟರ್ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಅಕ್ಷರವೇ ಬರುತ್ತಿತ್ತು. ಯಾಕೆ? ಯಾವ ಗೂಡಿನಲ್ಲಿ ಯಾವ ಅಕ್ಷರ ಎಂಬುದು ನಿಗದಿಯಾಗಿತ್ತು.

ನಮ್ಮ ಹಳೆಯ ಡಿಟಿಪಿ ಫಾಂಟುಗಳು ಏನು ಮಾಡಿದವು? ಕಂಪ್ಯೂಟರಿನಲ್ಲಿ ಆಗ ಕನ್ನಡಕ್ಕೆ ಗೂಡೇ ಇರಲಿಲ್ಲ. ಇಂಗ್ಲಿಷಿನ ‘ಎ’ ಎಂದು ಚೀಟಿ ಅಂಟಿಸಿದ ಗೂಡಿನಲ್ಲಿ ಕನ್ನಡದ ಒಂದು ಮೊಳೆ, ‘ಬಿ’ ಗೂಡಿನಲ್ಲಿ ಇನ್ನೊಂದು, ಹೀಗೆ ಕದ್ದು ತುಂಬಿಸಿದವು. ಒಂದು ಕಂಪನಿಯ ಫಾಂಟಿನಲ್ಲಿ ಒಂದು ಕ್ರಮ, ಇನ್ನೊಂದರಲ್ಲಿ ಇನ್ನೊಂದು. ಆ ಫಾಂಟು ಇದ್ದಷ್ಟು ದಿನ ಕಣ್ಣಿಗೆ ಕನ್ನಡ. ಫಾಂಟು ಹೋಯಿತೋ, ಕೇಸಿನ ಚೀಟಿಯಷ್ಟೇ ಉಳಿಯಿತು! ಮೇಷ್ಟ್ರ ಹಾಡುಗಳಿಗೆ ಆದದ್ದು ಇದೇ.

ಇದಕ್ಕೆ ಪರಿಹಾರವೇ ಯುನಿಕೋಡ್. ಇಡೀ ಪ್ರಪಂಚದ ಲಿಪಿಗಳಿಗೆ ಒಂದೇ ದೊಡ್ಡ ಕೇಸು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಗೂಡು ಮೀಸಲಿಟ್ಟರು. ‘ಅ’ಗೆ 3205ನೇ ಗೂಡು, ‘ಕ’ಗೆ 3221. ಕೆರೆಬಿಳಚಿಯಲ್ಲೂ ಅದೇ, ಕಾಸರಗೋಡಿನಲ್ಲೂ ಅದೇ, ಅಮೆರಿಕದಲ್ಲೂ ಅದೇ. ಒತ್ತಕ್ಷರಕ್ಕೆ ನಮ್ಮಲ್ಲಿ ಬೇರೆ ಮೊಳೆ ಇರುತ್ತಿತ್ತಲ್ಲ, ಇಲ್ಲಿ ಅದು ಬೇಡ. ‘ಕನ್ನಡ’ ಎಂದರೆ ಕ, ನ, ಅರ್ಧಾಕ್ಷರದ ಗುರುತು, ನ, ಡ, ಇಷ್ಟು ಐದು ಸಂಕೇತ ಇಟ್ಟರೆ ಸಾಕು. ಒತ್ತನ್ನು ಜೋಡಿಸಿ ತೋರಿಸುವುದು ಫಾಂಟಿನ ಕೆಲಸ.

ಇದನ್ನು ಮೊದಲು ಹೇಳಿದ್ದೇಕೆ? ಮೊಳೆಯೇ ಸರಿಯಿಲ್ಲದೆ ಎಷ್ಟು ಚೆಂದ ಪುಟ ಕಟ್ಟಿದರೂ ಅದು ಹುಸಿ. ಕನ್ನಡವನ್ನು ಚಿತ್ರ ಮಾಡಿ ವೆಬ್ ಪುಟಕ್ಕೆ ಅಂಟಿಸುವವರು ಇವತ್ತಿಗೂ ಇದ್ದಾರೆ. ಅದು ಮತ್ತೆ ಕಲ್ಲಚ್ಚಿಗೆ ಹೋದ ಹಾಗೆ! ಓದುವವರ ಕಣ್ಣಿಗೆ ಕಂಡೀತು, ಆದರೆ ಪುಟದ ಮೂಲದಲ್ಲಿ ಕನ್ನಡದ ಅಕ್ಷರವೇ ಇರುವುದಿಲ್ಲ.

ಕೆಂಪು ಪೆನ್ನಿನ ಗುರುತು

ಈಗ ಭಾಷೆಗಳಿಗೆ ಬರೋಣ. ಮೊದಲನೆಯದು ಎಚ್‌ಟಿಎಂಎಲ್. ಹೆಸರಿನಲ್ಲಿರುವ ‘ಎಂ’ ಎಂದರೆ ಮಾರ್ಕಪ್. ಈ ಮಾರ್ಕಪ್ ಎಂಬ ಮಾತು ಎಲ್ಲಿಂದ ಬಂತು ಗೊತ್ತೇ? ನಮ್ಮ ಪ್ರೆಸ್ಸಿನಿಂದ! ಹಸ್ತಪ್ರತಿ ಬಂದಾಗ ಸಂಪಾದಕರು ಕೆಂಪು ಪೆನ್ನಿನಲ್ಲಿ ಅಂಚಿನಲ್ಲಿ ಗುರುತು ಹಾಕುತ್ತಾರೆ: ಇದು ಶೀರ್ಷಿಕೆ, ಇಲ್ಲಿಂದ ಹೊಸ ಪ್ಯಾರಾ, ಈ ಪದ ದಪ್ಪಕ್ಷರ. ಆ ಗುರುತನ್ನು ಓದುಗರು ನೋಡುವುದಿಲ್ಲ, ಕಂಪೋಜಿಟರ್ ನೋಡುತ್ತಾನೆ. ಅದೇ ಮಾರ್ಕಪ್. ಐಬಿಎಂ ಕಂಪನಿಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಸಂಗಡಿಗರು 1969ರಲ್ಲಿ ಈ ಕೆಂಪು ಗುರುತುಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಮಾಡಲು ಹೊರಟರು. ಆ ಕೆಲಸ ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತಾರಾಷ್ಟ್ರೀಯ ಶಿಷ್ಟತೆ ಆಯಿತು. ಅದರ ದಾರಿಯಲ್ಲೇ, ಜಿನೀವಾ ಬಳಿಯ ಸೆರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್ ಲೀ ಎಚ್‌ಟಿಎಂಎಲ್ ರೂಪಿಸಿದರು. 1991ರಲ್ಲಿ ಅದು ಜಗತ್ತಿಗೆ ತೆರೆದುಕೊಂಡಿತು. 1993ರ ಏಪ್ರಿಲ್ 30ರಂದು ಸೆರ್ನ್ ಸಂಸ್ಥೆ ವೆಬ್ ತಂತ್ರವನ್ನು ಯಾರೂ ಕಾಸು ಕೊಡದೆ ಬಳಸಬಹುದು ಎಂದು ಸಾರಿತು.

ಕೆಂಪು ಪೆನ್ನಿನ ಬದಲು ಇಲ್ಲಿ ಟ್ಯಾಗು. ಲೆಕ್ಕದಲ್ಲಿ ‘ಚಿಕ್ಕದು’, ‘ದೊಡ್ಡದು’ ಎಂದು ತೋರಿಸುವ ಕೊಕ್ಕಿನಂಥ ಗುರುತುಗಳಿವೆಯಲ್ಲ, ಆ ಎರಡರ ನಡುವೆ ಇಂಗ್ಲಿಷಿನ ‘ಪಿ’ ಎಂದು ಬರೆದರೆ ಪ್ಯಾರಾ ಶುರು. ಅದೇ ‘ಪಿ’ಯ ಹಿಂದೆ ಒಂದು ಓರೆಗೀಟು ಹಾಕಿ ಬರೆದರೆ ಪ್ಯಾರಾ ಮುಗಿಯಿತು. ದೊಡ್ಡ ಶೀರ್ಷಿಕೆಗೆ ‘ಎಚ್1’, ಅದಕ್ಕಿಂತ ಕಿರಿದಕ್ಕೆ ‘ಎಚ್2’, ಹೀಗೆ ‘ಎಚ್6’ರ ತನಕ. ಕೋಷ್ಟಕಕ್ಕೆ ‘ಟೇಬಲ್’. ಒಂದು ಪುಟದಿಂದ ಇನ್ನೊಂದಕ್ಕೆ ಹಾರುವ ಕೊಂಡಿಗೆ ‘ಎ’. ಒಟ್ಟು ನೂರರ ಮೇಲೆ ಟ್ಯಾಗುಗಳಿವೆ. ಇಪ್ಪತ್ತು ಕಲಿತರೆ ನಿಮ್ಮ ಊರಿನ ಪುಟ ಎದ್ದು ನಿಲ್ಲುತ್ತದೆ. ನಾವು ಮೊಳೆಯ ಕೇಸಿನಲ್ಲಿ ಇದಕ್ಕಿಂತ ಹೆಚ್ಚು ಗೂಡುಗಳನ್ನು ಬಾಯಿಪಾಠ ಮಾಡಿದವರು!

ಒಂದು ಮಾತು ನೆನಪಿಡಿ. ಎಚ್‌ಟಿಎಂಎಲ್ ಲೆಕ್ಕ ಮಾಡುವುದಿಲ್ಲ, ಯೋಚನೆ ಮಾಡುವುದಿಲ್ಲ. ‘ಇದು ಏನು’ ಎಂದಷ್ಟೇ ಹೇಳುತ್ತದೆ. ಅದಕ್ಕೇ ಅದನ್ನು ಗುರುತು ಹಾಕುವ ಭಾಷೆ ಎನ್ನುತ್ತಾರೆ, ಪ್ರೋಗ್ರಾಮಿನ ಭಾಷೆ ಎನ್ನುವುದಿಲ್ಲ.

ನಮ್ಮ ಪುಟಕ್ಕೆ ಬೇಕೇಬೇಕಾದ ಎರಡು ಗುರುತು ಇವೆ. ಒಂದು, ಪುಟದ ತಲೆಯಲ್ಲಿ ‘ಮೆಟಾ ಚಾರ್‌ಸೆಟ್’ ಎಂದು ಬರೆದು ‘ಯುಟಿಎಫ್-8’ ಎನ್ನುವುದು. ಇದರಲ್ಲಿ ಬಳಸಿದ್ದು ಯುನಿಕೋಡ್ ಕೇಸು ಎಂದು ಬ್ರೌಸರಿಗೆ ಕೊಡುವ ಚೀಟಿ ಅದು. ಮರೆತರೆ ಒಮ್ಮೊಮ್ಮೆ ಕನ್ನಡ ಕೆಟ್ಟು ಕಾಣುತ್ತದೆ. ಇನ್ನೊಂದು, ಮೊದಲ ಟ್ಯಾಗಿನಲ್ಲೇ ‘ಲ್ಯಾಂಗ್’ ಎಂಬಲ್ಲಿ ‘ಕೆಎನ್’ ಎಂಬ ಎರಡಕ್ಷರ ಬರೆಯುವುದು. ‘ಈ ಪುಟ ಕನ್ನಡದ್ದು’ ಎಂಬ ಘೋಷಣೆ ಅದು. ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ಅದರಿಂದಲೇ ತಿಳಿಯುವುದು. ಬೀದಿಯಲ್ಲಿ ನಾಮಫಲಕ ಕನ್ನಡದಲ್ಲಿರಲಿ ಎಂದು ಕೂಗುವ ನಾವು ಈ ಎರಡಕ್ಷರದ ನಾಮಫಲಕವನ್ನು ಮರೆಯಬಹುದೇ?

ಎಷ್ಟು ಪಾಯಿಂಟು, ಯಾವ ಬಣ್ಣ?

ಎರಡನೆಯದು ಸಿಎಸ್‌ಎಸ್. ಎಚ್‌ಟಿಎಂಎಲ್ ‘ಇದು ಶೀರ್ಷಿಕೆ’ ಎನ್ನುತ್ತದೆ. ಶೀರ್ಷಿಕೆ 24 ಪಾಯಿಂಟೋ 36 ಪಾಯಿಂಟೋ, ಕೆಂಪೋ ಕಪ್ಪೋ, ಅಂಚು ಎಷ್ಟು, ಕಾಲಂ ಎಷ್ಟು, ಇದನ್ನೆಲ್ಲ ಹೇಳುವುದು ಸಿಎಸ್‌ಎಸ್. ಪ್ರತಿ ಪತ್ರಿಕೆಗೂ ಒಂದು ಶೈಲಿಯ ಹಾಳೆ ಇರುತ್ತದಲ್ಲ, ಗೋಡೆಗೆ ಅಂಟಿಸಿರುತ್ತಾರೆ, ಅದೇ ಇದು. ಹೋಕನ್ ವಿಯುಮ್ ಲೀ ಎಂಬುವರು 1994ರಲ್ಲಿ ಇದನ್ನು ಸೂಚಿಸಿದರು, 1996ರ ಕೊನೆಗೆ ಮೊದಲ ಶಿಷ್ಟತೆ ಸಿದ್ಧವಾಯಿತು. ಲಾಭವೇನು? ನೂರು ಪುಟದ ಶೀರ್ಷಿಕೆಗಳ ಬಣ್ಣ ಬದಲಿಸಬೇಕಾದರೆ ನೂರು ಕಡೆ ಕೈ ಹಾಕಬೇಕಿಲ್ಲ, ಹಾಳೆಯಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು.

ಕನ್ನಡದವರಿಗೆ ಇಲ್ಲೊಂದು ಕಿವಿಮಾತು. ಮೊಳೆ ಜೋಡಿಸುವಾಗ ಸಾಲಿನ ನಡುವೆ ಸೀಸದ ಪಟ್ಟಿ ಇಡುತ್ತಿದ್ದೆವು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ವೆಬ್ಬಿನಲ್ಲೂ ಹಾಗೇ. ಸಿಎಸ್‌ಎಸ್‌ನಲ್ಲಿ ‘ಲೈನ್ ಹೈಟ್’ ಎಂಬುದನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುವುದು ತಪ್ಪುತ್ತದೆ.

ಅಡಿಕೆ ಲೆಕ್ಕ ಮಾಡುವ ಭಾಷೆ

ಮೂರನೆಯದು ಜಾವಾಸ್ಕ್ರಿಪ್ಟ್. ಇದು ನಿಜವಾದ ಪ್ರೋಗ್ರಾಮಿನ ಭಾಷೆ. ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಇದರ ಮೊದಲ ರೂಪ ಕಟ್ಟಿದರು. ಜಾವಾ ಎಂಬ ಇನ್ನೊಂದು ಭಾಷೆಗೂ ಇದಕ್ಕೂ ಹೆಸರಿನ ನಂಟೇ ಹೊರತು ಅಣ್ಣ-ತಮ್ಮಂದಿರಲ್ಲ. ಇಬ್ಬರನ್ನೂ ಒಂದೇ ಎಂದು ತಿಳಿದು ತಪ್ಪು ಪುಸ್ತಕ ಕೊಂಡವರಲ್ಲಿ ನಾನೂ ಒಬ್ಬ!

ಚನ್ನಗಿರಿ ಸೀಮೆಯವರಿಗೆ ಅಡಿಕೆಯ ಉದಾಹರಣೆ ಬಿಟ್ಟು ಬೇರೆ ಏಕೆ? ಒಂದು ಪುಟದಲ್ಲಿ ಅಡಿಕೆ ಧಾರಣೆ ಹಾಕಿದ್ದೀರಿ. ‘ರಾಶಿ’ಗೆ ಕ್ವಿಂಟಾಲಿಗೆ ಇಷ್ಟು, ‘ಬೆಟ್ಟೆ’ಗೆ ಇಷ್ಟು. ಇದು ಕೋಷ್ಟಕ, ಎಚ್‌ಟಿಎಂಎಲ್ ಕೆಲಸ. ಕೋಷ್ಟಕಕ್ಕೆ ಹಸಿರು ಗೆರೆ, ದೊಡ್ಡ ಅಂಕಿ, ಇದು ಸಿಎಸ್‌ಎಸ್. ರೈತರೊಬ್ಬರು ತಮ್ಮ ಅಡಿಕೆಯ ತೂಕ ಒತ್ತಿದ ಕೂಡಲೇ ಒಟ್ಟು ಎಷ್ಟಾಯಿತು ಎಂದು ತೋರಿಸಬೇಕು. ಇದು ಜಾವಾಸ್ಕ್ರಿಪ್ಟ್ ಕೆಲಸ.

ಈಗ ಕೇಳಿ ಖುಷಿಯ ಸಂಗತಿ. ಜಾವಾಸ್ಕ್ರಿಪ್ಟಿನ ಆಜ್ಞೆಗಳು ಇಂಗ್ಲಿಷ್, ನಿಜ. ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು!

ಮೊತ್ತ = ತೂಕ * ದರ

ಹೀಗೆ ಕನ್ನಡ ಲಿಪಿಯಲ್ಲೇ ಬರೆದರೆ ಬ್ರೌಸರು ಒಪ್ಪುತ್ತದೆ, ಲೆಕ್ಕವನ್ನೂ ಮಾಡುತ್ತದೆ. ನಡುವಿನ ನಕ್ಷತ್ರ ಗುರುತು ಗುಣಾಕಾರದ್ದು. ಪೈಥಾನ್ ಎಂಬ ಇನ್ನೊಂದು ಭಾಷೆಯೂ ಅದರ ಮೂರನೇ ಆವೃತ್ತಿಯಿಂದ, ಅಂದರೆ 2008ರಿಂದ, ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಅಂಕಿಗಳನ್ನು ಮಾತ್ರ 1, 2, 3 ಎಂದೇ ಬರೆಯಬೇಕು, ಕನ್ನಡ ಅಂಕಿಯನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತು ಜನ ಹತ್ತು ಊರಿನಲ್ಲಿ ಕೂಡಿ ಮಾಡುವ ಕೆಲಸಕ್ಕೆ ಇಂಗ್ಲಿಷ್ ಹೆಸರೇ ರೂಢಿ. ಆದರೆ ಕಲಿಯುವ ಮಗುವಿಗೆ ‘ತೂಕ’, ‘ದರ’ ಎಂದರೆ ತಲೆಗೆ ಹತ್ತುವಷ್ಟು ಬೇಗ ಬೇರೆ ಹತ್ತೀತೇ?

ಹಿಂದಿನ ಕೋಣೆ

ಪ್ರೆಸ್ಸಿಗೆ ಬಂದವರು ನೋಡುವುದು ಮುಂದಿನ ಕೌಂಟರು. ಕೆಲಸ ನಡೆಯುವುದು ಹಿಂದಿನ ಕೋಣೆಯಲ್ಲಿ. ವೆಬ್ಬಿಗೂ ಹಿಂದಿನ ಕೋಣೆ ಉಂಟು, ಅದಕ್ಕೆ ಸರ್ವರ್ ಎನ್ನುತ್ತಾರೆ. ಇಲ್ಲಿಯವರೆಗೆ ಹೇಳಿದ ಮೂರು ಭಾಷೆಗಳು ಓದುಗರ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಕೆಲಸ ಮಾಡುವಂಥವು. ಹಿಂದಿನ ಕೋಣೆಗೆ ಪಿಎಚ್‌ಪಿ, ಪೈಥಾನ್ ಮುಂತಾದವು. ಈಗ ಜಾವಾಸ್ಕ್ರಿಪ್ಟ್ ಕೂಡ ಅಲ್ಲಿ ಕೆಲಸಕ್ಕೆ ಸೇರಿದೆ. ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ವಿಕಿಪೀಡಿಯವನ್ನು ನಡೆಸುವ ತಂತ್ರಾಂಶ ಬರೆದಿರುವುದು ಇದರಲ್ಲೇ. ನಮ್ಮ ಕನ್ನಡ ವಿಕಿಪೀಡಿಯವೂ ಅದರ ಮೇಲೇ ನಿಂತಿದೆ.

ಅಲ್ಲೇ ಒಂದು ಖಾತೆ ಪುಸ್ತಕವೂ ಇರುತ್ತದೆ, ಅದು ಡೇಟಾಬೇಸ್. ಅದರ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್. ‘ಇವತ್ತಿನ ದಿನಾಂಕದ, ರಾಶಿ ಅಡಿಕೆಯ ದರ ಕೊಡು’ ಎಂದು ಪಿಎಚ್‌ಪಿ ಎಸ್‌ಕ್ಯೂಎಲ್‌ನಲ್ಲಿ ಕೇಳುತ್ತದೆ, ಖಾತೆ ಪುಸ್ತಕ ಕೊಡುತ್ತದೆ, ಪಿಎಚ್‌ಪಿ ಅದನ್ನು ಎಚ್‌ಟಿಎಂಎಲ್ ಪುಟ ಮಾಡಿ ನಿಮ್ಮ ಕೈಗಿಡುತ್ತದೆ. ದಿನಾ ಬೆಳಿಗ್ಗೆ ಪುಟವನ್ನು ಹೊಸದಾಗಿ ಕಟ್ಟಬೇಕಿಲ್ಲ.

ಇಲ್ಲೂ ಕನ್ನಡಕ್ಕೆ ಕುತ್ತು ಬರುತ್ತದೆ. ಒಮ್ಮೆ ಒಂದು ಅರ್ಜಿಯಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ತುಂಬಿದೆ. ರಸೀದಿ ಬಂತು. ನನ್ನ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ! ‘ನೀನು ಯಾರು?’ ಎಂದು ನನ್ನನ್ನೇ ಕೇಳಿದ ಹಾಗಿತ್ತು. “ಕಂಪ್ಯೂಟರ್ ಕನ್ನಡ ತೆಗೆದುಕೊಳ್ಳೋದಿಲ್ಲ ಸ್ವಾಮಿ, ಇಂಗ್ಲಿಷಿನಲ್ಲಿ ಹಾಕಿ” ಅಂದರು. ಅವತ್ತು ನಂಬಿ ಬಂದೆ. ಈಗ ನಂಬುವುದಿಲ್ಲ. ಆ ಖಾತೆ ಪುಸ್ತಕವನ್ನು ಕಟ್ಟಿದವರು ಅದಕ್ಕೆ ಯುನಿಕೋಡ್ ಕೇಸು ಕೊಡದೆ ಇಂಗ್ಲಿಷ್ ಕೇಸಷ್ಟೇ ಕೊಟ್ಟಿದ್ದರೆ ಹೀಗಾಗುತ್ತದೆ. ಅದು ಕಂಪ್ಯೂಟರಿನ ಸ್ವಭಾವವಲ್ಲ, ಕಟ್ಟಿದವರ ಉದಾಸೀನ. ಬಂಧುಗಳೇ, ತಿಳಿದವನು ಕೇಳುವ ರೀತಿಯೇ ಬೇರೆ. ‘ಕನ್ನಡ ಹಾಕಿ’ ಎಂದು ಕೂಗಿದರೆ ‘ಆಗಲ್ಲ’ ಎಂದು ಸಾಗಹಾಕುತ್ತಾರೆ. ‘ನಿಮ್ಮ ಡೇಟಾಬೇಸು ಯುಟಿಎಫ್-8ರಲ್ಲಿ ಇದೆಯೇ?’ ಎಂದು ಕೇಳಿ ನೋಡಿ!

ಇವತ್ತು ರಾತ್ರಿಯೇ ಶುರು ಮಾಡಿ

ಕಲಿಯುವುದಕ್ಕೆ ಬೆಂಗಳೂರಿಗೆ ಹೋಗಬೇಕೇ? ಬೇಡ. ಫೀಸು ಕಟ್ಟಬೇಕೇ? ಬೇಡ. ಹಳೆಯದೊಂದು ಕಂಪ್ಯೂಟರಿದ್ದರೆ ಸಾಕು, ಶುರುವಿಗೆ ಇಂಟರ್‌ನೆಟ್ಟೂ ಬೇಡ. ನೋಟ್‌ಪ್ಯಾಡ್ ತೆರೆಯಿರಿ. ಮೇಲೆ ಹೇಳಿದ ‘ಲ್ಯಾಂಗ್’, ‘ಚಾರ್‌ಸೆಟ್’ ಗುರುತು ಹಾಕಿ. ‘ಎಚ್1’ರ ನಡುವೆ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ‘ಪಿ’ಯ ನಡುವೆ ಊರಿನ ಬಗ್ಗೆ ನಾಲ್ಕು ಸಾಲು. ಈ ಟ್ಯಾಗಿನ ಹೆಸರುಗಳನ್ನು ಪತ್ರಿಕೆಗಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಉಳಿಸುವಾಗ ಯುಟಿಎಫ್-8 ಎಂದು ಆರಿಸಿ, ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ಎಚ್‌ಟಿಎಂಎಲ್ ಎಂದು ಸೇರಿಸಿ. ಆ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಬ್ರೌಸರಿನಲ್ಲಿ ನಿಮ್ಮ ಊರು!

ಟೈಪು ಮಾಡಲು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿಯಿರಿ. ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವೆಲ್ಲ ಹಿಡಿಸುತ್ತದೆ. ಯಾವ ತಂತ್ರಾಂಶ ಬಳಸಿದರೂ ಅದರಲ್ಲಿ ‘ಯುನಿಕೋಡ್’ ಆಯ್ಕೆಯನ್ನೇ ಒತ್ತಿ. ಅವಸರ ಬೇಡ, ಮೊದಲು ಎಚ್‌ಟಿಎಂಎಲ್, ಆಮೇಲೆ ಸಿಎಸ್‌ಎಸ್, ಅವೆರಡೂ ಕೈಗೆ ಹತ್ತಿದ ಮೇಲೆ ಜಾವಾಸ್ಕ್ರಿಪ್ಟ್, ಹಿಂದಿನ ಕೋಣೆ ಕೊನೆಗೆ. ಇನ್ನೊಬ್ಬರ ಪುಟ ಹೇಗೆ ಕಟ್ಟಿದ್ದಾರೆ ಎಂದು ನೋಡಬೇಕೇ? ಬ್ರೌಸರಿನಲ್ಲಿ ಕಂಟ್ರೋಲ್ ಹಿಡಿದು ‘ಯು’ ಒತ್ತಿ, ಕೆಂಪು ಪೆನ್ನಿನ ಗುರುತೆಲ್ಲ ಬಯಲು. ಪ್ರೆಸ್ಸಿನಲ್ಲಿ ಈ ವಿದ್ಯೆ ಕಲಿಯಲು ನಾನು ಎರಡು ವರ್ಷ ಮೊಳೆ ತೊಳೆದಿದ್ದೆ!

‘ಇಂಗ್ಲಿಷ್ ಬರದವನಿಗೆ ಇದೆಲ್ಲ ಯಾಕೆ’ ಎಂದು ನನಗೂ ಅಂದಿದ್ದಾರೆ, ನಿಮಗೂ ಅನ್ನುತ್ತಾರೆ. ಮುಂದೆ ದೊಡ್ಡ ಕೆಲಸ ಹಿಡಿದಾಗ ಇಂಗ್ಲಿಷ್ ಬೇಕು, ಸುಳ್ಳು ಹೇಳುವುದಿಲ್ಲ. ಆದರೆ ಶುರು ಮಾಡಲು ಬೇಕಾದದ್ದು ಇಪ್ಪತ್ತು ಮೂವತ್ತು ಪದ. ಪುಟದ ಒಳಗೆ ತುಂಬುವ ಸರಕು ಮಾತ್ರ ಕನ್ನಡದ್ದು, ಅದು ಅವರ ಬಳಿ ಇಲ್ಲ, ನಮ್ಮ ಬಳಿ ಇದೆ.

ಮೇಷ್ಟ್ರ ಹಾಡುಗಳು ಏನಾದವು ಎಂದು ಹೇಳದೆ ಹೋದರೆ ತಪ್ಪಾಗುತ್ತದೆ. ಹಳೆಯ ಫಾಂಟುಗಳಿಂದ ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ, ಆದರೆ ನಾನು ಬಳಸಿದ ಫಾಂಟಿಗೆ ಒಂದೂ ಹೊಂದಲಿಲ್ಲ. ಮನೆಯಲ್ಲಿ ಉಳಿದಿದ್ದ ಒಂದು ಪುಸ್ತಕ ಮುಂದಿಟ್ಟುಕೊಂಡು, 112 ಪುಟವನ್ನೂ ನಾನು ಮತ್ತೆ ಟೈಪು ಮಾಡಿದೆ. ಎರಡು ತಿಂಗಳು ಹಿಡಿಯಿತು. ಕಾಸು ಮುಟ್ಟಲಿಲ್ಲ, ಅದು ದಂಡ. ಟ್ಯಾಗು ಹಾಕಿ ಪುಟ ಕಟ್ಟಿದವಳು ಮೊಮ್ಮಗಳು. ದಾವಣಗೆರೆಯಲ್ಲಿ ಬಿಕಾಂ ಓದುವ ಹುಡುಗಿ.

ಮೇಷ್ಟ್ರ ಹೆಂಡತಿಗೆ ಈಗ ಕಣ್ಣು ಕಾಣುವುದಿಲ್ಲ. ಮೊಮ್ಮಗಳು ಫೋನಿನಲ್ಲಿ ಆ ಪುಟ ತೆರೆದು ಓದಿಸುವ ಗುಂಡಿ ಒತ್ತಿದಳು. ಯಂತ್ರದ ದನಿ, ರಾಗವಿಲ್ಲ, ಆದರೂ ಅಚ್ಚ ಕನ್ನಡ. ಅಜ್ಜಿ ಸುಮ್ಮನೆ ಕೇಳುತ್ತಾ ಕೂತಿದ್ದರು. ಮೂರನೇ ಹಾಡಿಗೆ ಕೈ ಎತ್ತಿದರು: “ನಿಲ್ಲಿಸವ್ವ, ಅಲ್ಲಿ ತಪ್ಪೈತೆ. ನಾವು ಹಂಗೆ ಹಾಡ್ತಿರಲಿಲ್ಲ.” ಪುಸ್ತಕ ತೆಗೆದು ನೋಡಿದೆ. ಅಚ್ಚಿನಲ್ಲೇ ತಪ್ಪು. 2003ರಲ್ಲಿ ಪ್ರೂಫು ನೋಡಿದವನು ನಾನೇ.

ಆ 300 ಪುಸ್ತಕಗಳಲ್ಲಿ ಆ ತಪ್ಪು ಹಾಗೇ ಉಳಿಯುತ್ತದೆ. ವೆಬ್ ಪುಟದಲ್ಲಿ ಹುಡುಗಿ ಅಲ್ಲೇ ಕೂತು ಒಂದು ಪದ ತಿದ್ದಿದಳು. ಒಂದು ನಿಮಿಷ ಹಿಡಿಯಲಿಲ್ಲ. ಅಜ್ಜಿ ಮತ್ತೆ ಕೇಳಿ, “ಈಗ ಸರಿಯಾತು” ಅಂದರು.

ಓದುಗ ಬಂಧುಗಳೇ, ನಿಮ್ಮ ಊರಿನಲ್ಲೂ ಇಂಥ ಅಜ್ಜಿಯರು ಇದ್ದಾರೆ, ಇಂಥ ಹಸ್ತಪ್ರತಿಗಳು ಅಟ್ಟದ ಮೇಲಿವೆ, ಓದಿದ ಮಕ್ಕಳೂ ಇದ್ದಾರೆ. ತಡ ಮಾಡಬೇಡಿ. ಕೆರೆಬಿಳಚಿಗೆ ಬಂದರೆ ನಮ್ಮ ಪ್ರೆಸ್ಸಿಗೆ ಬನ್ನಿ, ನನಗೆ ಗೊತ್ತಿರುವ ಇಪ್ಪತ್ತು ಟ್ಯಾಗುಗಳನ್ನು ಚಾ ಕುಡಿಯುವಷ್ಟರಲ್ಲಿ ಹೇಳಿಕೊಡುತ್ತೇನೆ.

ಸಿರಿಗನ್ನಡಂ ಗೆಲ್ಗೆ!